ತಪಸ್ಸುಕಾಲದ ಚೌಕಾಸಿ

ನನ್ನ ಗಂಟಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ, ತಗಡು ಒತ್ತುವ ಯಂತ್ರಗಳ ನಡುವೆ, ಮೀಸೆ ಮೂಡಿದಾಗಿನಿಂದ ಮೀಸೆ ಬೆಳ್ಳಗಾಗುವ ತನಕ ದುಡಿದವನು ನಾನು. ಅಲ್ಲಿ ಪಕ್ಕದಲ್ಲಿ ನಿಂತವನಿಗೆ ‘ಟೀ ಬಂತು’ ಎಂದು ಹೇಳಬೇಕಾದರೂ ಮನೆಗೆ ಬೆಂಕಿ ಬಿದ್ದವನ ಹಾಗೆ ಕೂಗಬೇಕು. ನಿವೃತ್ತನಾಗುವಾಗ ಕಿವಿಗಳನ್ನು ಕಂಪನಿಗೇ ಬಿಟ್ಟು ಗಂಟಲನ್ನು ಮಾತ್ರ ಮನೆಗೆ ತಂದೆ. ಮಗಳು ಕೊಡಿಸಿದ ಕಿವಿಯ ಮಿಷನ್ನು ಹಾಕಿಕೊಂಡರೆ ಕೀ ಎಂದು ಕಿರುಚುತ್ತದೆ, ಹಾಗಾಗಿ ಅದು ಬೀರುವಿನಲ್ಲಿದೆ. ನಾನು ‘ಉಪ್ಪು ಕೊಡು’ ಅಂದರೆ ಎದುರು ಮನೆಯವರು ಬಾಗಿಲಿಗೆ ಬರುತ್ತಾರೆ.

ನಮ್ಮ ಚರ್ಚಿನಲ್ಲಿ ಇಂಥವನು ನಾನೊಬ್ಬನೇ ಅಲ್ಲ. ಮಾಕಳಿಯಿಂದ ಈಚೆಗೆ, ತುಮಕೂರು ರಸ್ತೆಯ ಆಸುಪಾಸಿನ ಹಳೇ ಕ್ರೈಸ್ತ ಮನೆಗಳ ಗಂಡಸರಲ್ಲಿ ಅರ್ಧ ಜನ ಪೀಣ್ಯದ ಶೆಡ್ಡುಗಳಲ್ಲಿ ಕಿವಿ ಕಳೆದುಕೊಂಡವರೇ. ತಪಸ್ಸುಕಾಲ ಬಂತೆಂದರೆ, ಅಂದರೆ ನೀವು ಈಸ್ಟರ್ ಅನ್ನುವ ಪಾಸ್ಖ ಹಬ್ಬದ ಮುಂಚಿನ ಉಪವಾಸದ ದಿನಗಳು ಬಂದರೆ, ನಾವೆಲ್ಲ ಪಾಪನಿವೇದನೆ ಮಾಡಬೇಕು. ಮರದ ಗೂಡಿನಲ್ಲಿ ಜಾಲರಿಯ ಆಚೆ ಫಾದರ್ ಕೂತಿರುತ್ತಾರೆ, ಈಚೆ ನಾವು ಮಂಡಿಯೂರಿ ಗುಟ್ಟಾಗಿ ಪಾಪ ಹೇಳಬೇಕು. ಗುಟ್ಟಾಗಿ! ಪ್ರೆಸ್ ಶಾಪಿನವರು! ಒಬ್ಬೊಬ್ಬರ ಪಾಪವೂ ಹೆಬ್ಬಾಗಿಲು ದಾಟಿ ಸರ್ವೀಸ್ ರಸ್ತೆಗೆ ಹೋಗುತ್ತಿತ್ತು. ಇದಕ್ಕೆ ಹೆಂಗಸರೇ ಒಂದು ಉಪಾಯ ಕಂಡುಹಿಡಿದರು. ಕಾರ್ಖಾನೆಯ ಗಂಡಸರು ಪಾಪನಿವೇದನೆಗೆ ಕೂತಾಗ ಹೆಂಗಸರೆಲ್ಲ ಮುಂದಿನ ಬೆಂಚುಗಳಲ್ಲಿ ಕೂತು ಮಣಿ ಎಣಿಸುತ್ತಾ ಜಪಸರವನ್ನು ಗಟ್ಟಿಯಾಗಿ ಹೇಳುವುದು. ‘ನಮೋ ಮರಿಯಾ’ದ ಅಲೆಯಲ್ಲಿ ನಮ್ಮ ಕುಡಿತ, ಜಗಳ, ಸುಳ್ಳು ಎಲ್ಲ ಮುಳುಗಿಹೋಗುತ್ತವೆ. ಅಷ್ಟಾಗಿಯೂ ಏನಾದರೂ ಕಿವಿಗೆ ಬಿದ್ದರೆ ಕೇಳಿಸಲಿಲ್ಲ ಅಂತ ಇದ್ದುಬಿಡಬೇಕು, ಎಲ್ಲೂ ಎತ್ತಬಾರದು. ಹೀಗೆ ಹತ್ತಾರು ತಪಸ್ಸುಕಾಲಗಳು ಮರ್ಯಾದೆಯಾಗಿ ಕಳೆದಿದ್ದವು.

ಇನ್ನು ನನ್ನ ದೊಡ್ಡಸ್ತಿಕೆಯ ವಿಷಯ. ಚರ್ಚಿನಲ್ಲಿ ನಾನು ಹಿರಿಯ, ನಾಲ್ಕು ಜನಕ್ಕೆ ಬುದ್ಧಿ ಹೇಳುವವನು. ಫಾದರ್ ಆಗಲು, ಸಿಸ್ಟರ್ ಆಗಲು ದೇವರು ಕರೆಯುವುದಕ್ಕೆ ನಮ್ಮಲ್ಲಿ ದೈವಕರೆ ಅನ್ನುತ್ತೇವೆ. ವರ್ಷಕ್ಕೊಂದು ಭಾನುವಾರ ಆ ಕುರಿತು ಮಾತಾಡುವ ಕೆಲಸ ನನ್ನದು. ಮೈಕು ಬೇಕಾಗುವುದಿಲ್ಲ ಎಂಬ ಅನುಕೂಲವೂ ಇತ್ತು. “ದೇವರು ಕೊಟ್ಟ ಮಕ್ಕಳಲ್ಲಿ ಒಬ್ಬರನ್ನು ದೇವರಿಗೆ ಕೊಡೋಕೆ ಅದೇನ್ರೀ ಅಷ್ಟು ಜಿಪುಣತನ?” ಎಂದು ಗದರುತ್ತಿದ್ದೆ. ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಆಮೇಲೆ ನಮ್ಮ ಶಾಪಿನಲ್ಲೇ ನನ್ನ ಪಕ್ಕದ ಯಂತ್ರಕ್ಕೆ ನಿಂತ ಗೆಳೆಯನೊಬ್ಬನಿದ್ದಾನೆ. ಅವನ ಒಬ್ಬನೇ ಮಗನಿಗೆ ಫಾದರ್ ಆಗಲು ಗುರುಮಠ ಸೇರುವ ಆಸೆ ಬಂದಾಗ, ಅಪ್ಪ ಅಮ್ಮ ಒಲ್ಲೆನೆಂದು ಅಳುತ್ತಿದ್ದರೆ, ಅವರ ಮನೆಗೆ ಹೋಗಿ ಹೋಗಿ ಒಪ್ಪಿಸಿದವನು ನಾನೇ. ಅವರ ಮನೆಯ ಚಹಾ ಕುಡಿಯುತ್ತಲೇ ತ್ಯಾಗದ ಬಗ್ಗೆ ಪಾಠ ಹೇಳಿದ್ದೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಆ ಬದನೆಕಾಯಿ ನನ್ನ ತಟ್ಟೆಗೆ ಬಂದದ್ದು ಈ ವರ್ಷ ಅವರೆಕಾಯಿ ಕಾಲದಲ್ಲಿ.

ನಮಗೆ ಒಬ್ಬಳೇ ಮಗಳು. ಹೂಡಿಯಲ್ಲಿ ಆಫೀಸು, ಕಂಪ್ಯೂಟರಿನ ಕೆಲಸ. ಮೆಟ್ರೋ ಸ್ಟೇಷನ್ ತನಕ ಸ್ಕೂಟಿ, ಅಲ್ಲಿಂದ ಮೆಜೆಸ್ಟಿಕ್, ಅಲ್ಲಿ ಇನ್ನೊಂದು ರೈಲು. ಆಫೀಸಿನ ಹತ್ತಿರ ಸಿಸ್ಟರುಗಳು ನಡೆಸುವ ಅನಾಥ ಮುದುಕಿಯರ ಮನೆಯೊಂದಿತ್ತು. ಮೊದಮೊದಲು ಊಟದ ಹೊತ್ತಿನಲ್ಲಿ ಅಲ್ಲಿಗೆ ಹೋಗುತ್ತಿದ್ದಳು. ಆಮೇಲೆ ರಜಾ ದಿನ ಪೂರ್ತಿ ಅಲ್ಲೇ. ಮುದುಕಿಯರ ತಲೆ ಬಾಚುವುದು, ಉಗುರು ಕತ್ತರಿಸುವುದು. ಒಳ್ಳೇ ಹುಡುಗಿ ಅಂತ ಹೆಮ್ಮೆಪಟ್ಟೆನೇ ಹೊರತು ಮುಂದೆ ಏನು ಬರುತ್ತಿದೆ ಅಂತ ಈ ದಡ್ಡನಿಗೆ ಹೊಳೆಯಲಿಲ್ಲ.

ಜನವರಿಯ ಒಂದು ಸಂಜೆ ಮುದ್ದೆ, ಅವರೆಕಾಳು ಸಾರು. ಮಗಳು ನನ್ನ ಎದುರಿಗೇ ಕೂತಿದ್ದಳು. “ಅಪ್ಪ, ನಾನು ಕೆಲಸ ಬಿಟ್ಟು ಸಿಸ್ಟರ್ ಆಗೋಣ ಅಂತಿದ್ದೀನಿ. ಪಾಸ್ಖ ಹಬ್ಬ ಆದ್ಮೇಲೆ ಬಂದು ಸೇರ್ಕೋ ಅಂದಿದ್ದಾರೆ. ನೀವು ಏನಂತೀರಾ?” ಎಂದಳು.

ನನ್ನ ಗಂಟಲಲ್ಲಿ ಮುದ್ದೆ ನಿಂತಿತು. ಆದರೆ ನಾನು ಚರ್ಚಿನ ಹಿರಿಯನಲ್ಲವೇ! ಬಾಯಿ ತಾನಾಗಿಯೇ ದೈವಕರೆಯ ಭಾನುವಾರದ ಧ್ವನಿ ಹೊರಡಿಸಿತು. “ಒಳ್ಳೇದಮ್ಮ. ದೇವರ ಇಚ್ಛೆ.” ಅಷ್ಟಂದು ಹೆಂಡತಿಯ ಕಡೆ ತಿರುಗಿ, “ಇನ್ನೊಂದು ಸೌಟು ಸಾರು ಹಾಕು” ಅಂದೆ. ಮಗಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ನನ್ನ ದೊಡ್ಡ ಮನಸ್ಸನ್ನು ಕಂಡು ಮಾತು ಹೊರಡಲಿಲ್ಲ ಅಂತ ನಾನು ತಿಳಿದುಕೊಂಡೆ.

ಸುದ್ದಿ ಹಬ್ಬಿತು. ಫಾದರ್ ಮನೆಗೇ ಬಂದು ಕೈ ಕುಲುಕಿದರು. ರಾಯಚೂರಿನ ಗೆಳೆಯ ಮಾತ್ರ ಚರ್ಚಿನ ಗೇಟಿನಲ್ಲಿ ನನ್ನನ್ನು ತಡೆದು, ಮುಖ ನೋಡಿ, ಕಿವಿಯ ಹತ್ತಿರ ಬಾಯಿ ತಂದ. “ಅಣ್ಣಾರ, ನನ್ನ ಮಗನ್ನ ಕಳಸು ಅಂತ ನಮ್ಮ ಮನೀ ಹೊಸ್ತಿಲಾ ಸವಿಸಿದ್ರಿ. ಈಗ ನಿಮ್ಮ ಪಾಳಿ ಬಂತ್ ನೋಡ್ರಿ. ಹೆಂಗನಸ್ತದ?” ಅಂದ. “ಬಹಳ ಸಂತೋಷ ಅನ್ನಿಸ್ತಿದೆ” ಅಂದೆ. ಅವನು ನಂಬಲಿಲ್ಲ. ನಾನೂ ನಂಬಲಿಲ್ಲ.

ನಿಜ ಹೇಳಬೇಕೆಂದರೆ ನನಗೆ ಮಗಳು ಹೋಗುವುದು ಬೇಡವಾಗಿತ್ತು. ಒಂದು ಚೂರೂ ಬೇಡವಾಗಿತ್ತು. ಆದರೆ ಬಾಯಿಬಿಟ್ಟು ಹೇಳಿದರೆ ಇಷ್ಟು ವರ್ಷದ ಭಾಷಣವೆಲ್ಲ ಮಣ್ಣುಪಾಲು. ಆದ್ದರಿಂದ ಮೇಲಿನವನ ಜೊತೆ ಒಳಗೊಳಗೇ ಮಾತಾಡಿ ವ್ಯವಹಾರ ಮುಗಿಸೋಣ ಅಂದುಕೊಂಡೆ. ಯೂನಿಯನ್ನಿನಲ್ಲಿದ್ದಾಗ ಮ್ಯಾನೇಜ್‌ಮೆಂಟಿನ ಜೊತೆ ಕೂತು ಚೌಕಾಸಿ ಮಾಡಿ ಅಭ್ಯಾಸವಿತ್ತಲ್ಲ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಫಾದರ್ ಹಣೆಗೆ ಬೂದಿ ಹಚ್ಚಿ, ಮಣ್ಣಿಂದ ಬಂದವನು ಮಣ್ಣಿಗೇ ಸೇರುತ್ತೀಯ ಎಂದು ನೆನಪಿಸುತ್ತಿದ್ದರೆ, ನಾನು ಅದನ್ನು ಪಕ್ಕಕ್ಕಿಟ್ಟು ಬೇಡಿಕೆ ಮುಂದಿಟ್ಟೆ. ‘ಹಬ್ಬದ ತನಕ ಮಾಂಸ ಬಿಡ್ತೀನಿ. ನೀನು ನನ್ನ ಮಗಳನ್ನ ಬಿಟ್ಬಿಡು.’

ಆಮೇಲೆ ಯೋಚಿಸಿದರೆ ಮಾಂಸವನ್ನು ಎಲ್ಲರೂ ಬಿಡುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ ಅನ್ನಿಸಿತು. ಟೀ ಸೇರಿಸಿದೆ. ಟೀ ಬಿಟ್ಟ ಮೂರನೇ ದಿನಕ್ಕೆ ಮನೆಯ ಬೆಕ್ಕೂ ನನ್ನ ಎದುರು ಬರುವುದನ್ನು ಬಿಟ್ಟಿತು. ಆ ಕಡೆಯಿಂದ ಏನೂ ಉತ್ತರ ಬಾರದ್ದರಿಂದ ಮಧ್ಯಾಹ್ನದ ನಿದ್ದೆ ಬಿಟ್ಟೆ, ಚಪ್ಪಲಿಯನ್ನೂ ಬಿಟ್ಟೆ. ಯೇಸುವಿನ ಕೊನೆಯ ಪಯಣದ ಚಿತ್ರಗಳ ಮುಂದೆ ಒಂದೊಂದಾಗಿ ನಿಂತು ಪ್ರಾರ್ಥಿಸುವ ಶುಕ್ರವಾರದ ಶಿಲುಬೆಯ ಹಾದಿಗೆ ಕಾದ ಸಿಮೆಂಟಿನ ಅಂಗಳದಲ್ಲಿ ಬರಿಗಾಲಲ್ಲಿ ನಡೆದೆ. ಮ್ಯಾನೇಜ್‌ಮೆಂಟಿನವರು ಕಡೇಪಕ್ಷ ‘ನೋಡೋಣ’ ಅಂತಾದರೂ ಅನ್ನುತ್ತಿದ್ದರು. ಈತ ಅದನ್ನೂ ಅನ್ನಲಿಲ್ಲ.

ಶಿಲುಬೆಯ ಹಾದಿಯಲ್ಲಿ ಯೇಸು ತಾಯಿಗೆ ಎದುರಾಗುವ ಜಾಗ ಬಂದಾಗ ಎಲ್ಲರೂ ಮುಂದೆ ಹೋದರೂ ನಾನು ನಿಂತುಬಿಡುತ್ತಿದ್ದೆ. ‘ನೀನು ಹೆತ್ತವಳು, ನಿನಗೆ ಗೊತ್ತಿಲ್ವೇನಮ್ಮಾ? ಒಂದು ಮಾತು ಹೇಳಬಾರದಾ?’ ಎಂದು ಕೇಳುತ್ತಿದ್ದೆ. ಆಕೆಯೂ ಒಳಗೊಳಗೆ ಬೇಡ ಬೇಡ ಅಂದಿರಲೇಬೇಕು. ಚಿತ್ರದಲ್ಲಿ ಆಕೆಯ ಕೈ ಮುಂದಕ್ಕೆ ಚಾಚಿದೆ. ಮಗನನ್ನು ಹರಸಲು ಚಾಚಿದ ಕೈ ಅಂತ ಚಿಕ್ಕಂದಿನ ಉಪದೇಶದ ಪಾಠದಲ್ಲಿ ಹೇಳಿಕೊಟ್ಟಿದ್ದರು. ಈ ವರ್ಷ ನೋಡಿದರೆ ಹಿಡಿದೆಳೆಯಲು ಚಾಚಿದ ಕೈಯ ಹಾಗೆ ಕಂಡಿತು. ನಾನು ಹಾಗೆ ನಿಂತದ್ದನ್ನು ಜನ ಬೇರೆ ರೀತಿ ನೋಡಿದರು. ಮುಂದಿನ ಭಾನುವಾರ ಫಾದರ್ ಮೈಕಿನಲ್ಲಿ ಪ್ರಸಂಗ ಹೇಳುತ್ತಾ, “ತಪಸ್ಸುಕಾಲ ಅಂದ್ರೆ ಏನು ಅಂತ ತಿಳೀಬೇಕಾದ್ರೆ ನಮ್ಮ ಈ ಹಿರಿಯರನ್ನ ನೋಡಿ ಕಲೀರಿ. ಒಬ್ಬಳೇ ಮಗಳನ್ನ ದೇವರಿಗೆ ಕೊಟ್ಟು, ಟೀ ಸಹ ಬಿಟ್ಟಿದ್ದಾರೆ” ಎಂದರು. ನಾನು ತಲೆ ತಗ್ಗಿಸಿದೆ. ತಲೆ ಎಷ್ಟು ತಗ್ಗಿಸಿದರೆ ವಿನಯ ಕಾಣುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು.

ಮನೆಗೆ ಬಂದ ಮೇಲೆ ಹೆಂಡತಿ ಸೊಪ್ಪು ಬಿಡಿಸುತ್ತಾ, “ಉಪವಾಸ ನಿಮಗೋ ನಮಗೋ? ಬೆಳಗಾದ್ರೆ ಸಿಡಿ ಸಿಡಿ ಅಂತೀರ. ಅವಳು ಹೇಳಿದಾಗ ನಾನು ಒಂದು ವಾರ ಅತ್ತೆ, ಸಮಾಧಾನ ಆಯ್ತು. ನೀವು ಅಳಲೂ ಇಲ್ಲ, ನೆಮ್ಮದಿಯಾಗೂ ಇಲ್ಲ. ಅದೇನಿದೆಯೋ ಅವಳ ಹತ್ರ ಮಾತಾಡಿ” ಎಂದು ಗಟ್ಟಿಯಾಗಿ ಹೇಳಿದಳು.

“ಮಾತಾಡೋಕೆ ಏನಿದೆ? ನಾನು ಸಂತೋಷವಾಗಿದ್ದೀನಿ!” ಎಂದು ಕೂಗಿದೆ. ಎದುರು ಮನೆಯವರು ಬಾಗಿಲಿಗೆ ಬಂದರು.

ಮಗಳ ಜೊತೆ ಮಾತೇ ಕಡಿಮೆಯಾಗಿತ್ತು. ಅವಳು ಆಫೀಸಿಗೆ ಹೋಗುವುದು, ಬರುವುದು, ಕೋಣೆಯಲ್ಲಿ ಕೂರುವುದು. ಮೊದಲಿನ ಹಾಗೆ ನನ್ನ ಹತ್ತಿರ ಬಂದು ಕೂರುತ್ತಿರಲಿಲ್ಲ. ದೇವರ ಧ್ಯಾನದಲ್ಲಿದ್ದಾಳೆ ಎಂದು ಹೊಟ್ಟೆ ಉರಿಯುತ್ತಿತ್ತು. ನಾನು ಉಪವಾಸ ಹೆಚ್ಚಿಸಿದಷ್ಟೂ ಅವಳು ಇನ್ನಷ್ಟು ಮೌನಿಯಾದಳು. ಪಾಸ್ಖ ಹತ್ತಿರ ಬರುತ್ತಲೇ ಇತ್ತು.

ಪಾಸ್ಖಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ಶನಿವಾರ ಸಂಜೆ ಪಾಪನಿವೇದನೆ. ಸ್ವರೂಪಗಳಿಗೆಲ್ಲ, ಅಂದರೆ ಸಂತರ ಪ್ರತಿಮೆಗಳಿಗೆ, ನೇರಳೆ ಬಟ್ಟೆ ಹೊದಿಸಿದ್ದರು. ಗಂಡಸರ ಸಾಲಿನಲ್ಲಿ ನಾನೇ ಕೊನೆ. ಹಿರಿಯನಲ್ಲವೇ, ಬೇರೆಯವರಿಗೆ ಜಾಗ ಬಿಟ್ಟುಕೊಡುವ ನಾಟಕ. ಹೆಂಗಸರು ಜಪಸರ ಹೇಳುತ್ತಿದ್ದರು. ಅದನ್ನು ನಡೆಸುವವರು ನಮ್ಮೂರಿನ ಹಳೇ ಮನೆತನದ ಒಬ್ಬ ದೊಡ್ಡಮ್ಮ. ಯಾವ ಗಂಡಸು ಎಷ್ಟು ಹೊತ್ತಿನ ಪಾಪಿ ಎಂಬ ಅಂದಾಜು ಆಕೆಗೆ ಚೆನ್ನಾಗಿ ಇರುತ್ತದೆ. ನಾನು ಯಾವಾಗಲೂ ಚಿಕ್ಕ ಪಾಪಿ. ಕೋಪ, ಸುಳ್ಳು, ಹೆಂಡತಿಯ ಮೇಲೆ ರೇಗಾಟ, ಮುಗಿಯಿತು. ಆ ಲೆಕ್ಕದಲ್ಲಿ ಆಕೆ ನನ್ನ ಪಾಲಿಗೆ ಕೊನೆಯ ಹತ್ತು ಮಣಿಗಳನ್ನು ಉಳಿಸಿಕೊಂಡಿದ್ದರಂತೆ.

ಮಂಡಿಯೂರಿದೆ. ಕೋಪ, ಸುಳ್ಳು, ರೇಗಾಟ ಹೇಳಿದೆ. ಸಾಮಾನ್ಯವಾಗಿ ಫಾದರ್ ಅಷ್ಟಕ್ಕೇ ಬಿಡುತ್ತಾರೆ. ಅವತ್ತು ಜಾಲರಿಗೆ ಬಾಯಿ ತಾಗಿಸಿ, ನನಗೆ ಕೇಳುವ ಹಾಗೆ ಬಿಡಿಬಿಡಿಯಾಗಿ, “ನೀವು ತುಂಬಾ ಇಳಿದುಹೋಗಿದ್ದೀರ. ಈ ಉಪವಾಸ ಯಾವ ಕೋರಿಕೆಗೆ?” ಎಂದರು.

ಸುಳ್ಳು ಹೇಳೋಣವೆಂದರೆ ಈಗಷ್ಟೇ ಸುಳ್ಳು ಹೇಳುವ ಪಾಪಕ್ಕೆ ಕ್ಷಮೆ ಕೇಳಿದ್ದೆ. ಎಷ್ಟೋ ದಿನದಿಂದ ಟೀ ಇಲ್ಲದ ತಲೆ ಬೇರೆ. ಕಟ್ಟೆ ಒಡೆಯಿತು.

“ಫಾದರ್, ನನ್ನ ಉಪವಾಸಾನೇ ಪಾಪ. ದೇವರಿಗೆ ಲಂಚ ಕೊಡ್ತಿದ್ದೀನಿ. ನನ್ನ ಮಗಳನ್ನ ಕರ್ಕೋಬೇಡ ಅಂತ. ಬೇರೆ ಯಾರನ್ನಾದ್ರೂ ಕರ್ಕೊಳ್ಳಲಿ. ಈ ಊರಲ್ಲಿ ಹೆಣ್ಣುಮಕ್ಕಳಿಗೆ ಬರವಾ? ಆ ಅಂಗಡಿಯವರ ಮನೇಲಿ ಮೂರು ಜನ ಇದ್ದಾರೆ. ಒಬ್ಬಳು ಹೋದ್ರೆ ಇನ್ನಿಬ್ಬರು ಇರ್ತಾರೆ. ನನಗಿರೋದು ಒಬ್ಬಳು. ಎಲ್ಲರೂ ನನ್ನ ಹತ್ರ ಕೂಗಾಡ್ತಾರೆ ಫಾದರ್, ಕಿವುಡ ಅಂತ. ಅವಳೊಬ್ಬಳೇ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು, ಮೆಲ್ಲಗೆ ಮಾತಾಡೋಳು. ಅವಳ ತುಟಿ ನೋಡಿದ್ರೆ ನಂಗೆಲ್ಲ ತಿಳಿಯತ್ತೆ. ಅವಳು ಹೋದ್ರೆ ನಾನು ಪೂರ್ತಿ ಕಿವುಡ ಆಗ್ಬಿಡ್ತೀನಿ. ಊರಿಗೆಲ್ಲ ದೇವರಿಗೆ ಕೊಡಿ ಕೊಡಿ ಅಂತ ಹೇಳಿದ ಕಳ್ಳ ನಾನು. ನಂಗೆ ಕೊಡೋಕೆ ಇಷ್ಟ ಇಲ್ಲ. ನಂಗಿಷ್ಟ ಇಲ್ಲ ಫಾದರ್!”

ಫಾದರ್ ಪಾಪಪರಿಹಾರಕ್ಕೆ ಸಾಮಾನ್ಯವಾಗಿ ಕೊಡುವ ಜಪಗಳನ್ನು ಕೊಡಲಿಲ್ಲ. “ಮನೆಗೆ ಹೋಗಿ ಇದನ್ನೆಲ್ಲ ಮಗಳಿಗೆ ಹೇಳಿ. ಅದೇ ನಿಮ್ಮ ಪ್ರಾಯಶ್ಚಿತ್ತ. ದಯವಿಟ್ಟು ಮೆಲ್ಲಗೆ ಹೇಳಿ” ಎಂದರು.

ಗೂಡಿನಿಂದ ಎದ್ದು ಬಂದು ನೋಡುತ್ತೇನೆ, ಇಡೀ ಚರ್ಚು ತಲೆ ತಗ್ಗಿಸಿ ಕೂತಿದೆ. ಒಬ್ಬರೂ ಅಲುಗುತ್ತಿಲ್ಲ. ಆಹಾ, ಎಂಥಾ ಭಕ್ತಿ ಅಂದುಕೊಂಡೆ. ಒಬ್ಬರು ಮಾತ್ರ ತಲೆ ಎತ್ತಿ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಮೂರು ಹೆಣ್ಣುಮಕ್ಕಳ ತಾಯಿ, ಅಂಗಡಿಯವರ ಹೆಂಡತಿ. ಇವತ್ತು ಇವರಿಗೇನಾಯಿತಪ್ಪ ಎಂದುಕೊಳ್ಳುತ್ತಾ ಹೊರಗೆ ಬಂದೆ.

ಗೇಟಿನ ಹತ್ತಿರ ರಾಯಚೂರಿನ ಗೆಳೆಯ ನನ್ನನ್ನು ತಬ್ಬಿಕೊಂಡ. ಆ ಮನುಷ್ಯ ಎಂದೂ ತಬ್ಬಿದವನಲ್ಲ. ಕಿವಿಗೆ ಬಾಯಿ ತಂದು, “ಅಣ್ಣಾರ, ಹೇಳಬಾರ್ದು, ಆದ್ರೂ ಹೇಳ್ತೀನ್ರಿ. ಜಪಸರ ಮುಗದಿತ್ತು. ಎಲ್ಲಾ ಕೇಳಸ್ತು” ಎಂದ.

“ಎಲ್ಲಾ ಅಂದ್ರೆ?”

“ಲಂಚದಿಂದ ಹಿಡದು ಎಲ್ಲಾನೂ. ನಿಮ್ಮ ಮಗಳು ಎರಡನೇ ಬೆಂಚಿನ್ಯಾಗ ಕುಂತಿದ್ಳು. ನಡುವ ಎದ್ದು ಮನಿಗೆ ಹೋದ್ಳು.” ಆಮೇಲೆ ಸುಮ್ಮನೆ ನನ್ನ ಭುಜ ತಟ್ಟಿದ. “ನಾ ಮಗನ್ನ ಕಳಸಿದಾಗ ನಂಗೂ ಹಿಂಗ ಆಗಿತ್ತು. ನಾ ನಿಮ್ಮಂಗ ಒದರಲಿಲ್ಲ, ಅಷ್ಟ.”

ಜಪಸರದ ದೊಡ್ಡಮ್ಮ ಹಿಂದೆಯೇ ಬಂದರು. ಕೇಳಿದ್ದನ್ನು ಎತ್ತಬಾರದು ಎಂಬ ನಿಯಮ ಮಾಡಿದವರೇ ಆಕೆ. ಪಾಪ, ತಡೆಯಲಾಗಲಿಲ್ಲ. ನನ್ನ ಕೈ ಹಿಡಿದು, “ಇನ್ನೊಂದು ಜಪಸರ ಸುರು ಮಾಡಾಣ ಅಂದ್ಕಂಡೆ ಕಣಪ್ಪ. ಬಾಯೇ ಬರ್ನಿಲ್ಲ. ಅಂಗೇ ಕೇಳ್ತಾ ಕುಂತ್ಬುಟ್ಟೆ” ಎಂದು ಜೋರಾಗಿ ಹೇಳಿ ಕಣ್ಣೊರೆಸಿಕೊಂಡರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಾ ಸ್ವಾಮಿ, ಒಬ್ಬ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಲ ನಿಜವಾದ ಪಾಪ ಹೇಳಿದರೆ ಅದನ್ನು ಊರಿಗೆಲ್ಲ ಹಂಚಬೇಕೇ? ನೇರ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಸರ್ವೀಸ್ ರಸ್ತೆಯಲ್ಲಿ ಲಾರಿಗಳ ಪಕ್ಕ ಬರಿಗಾಲಲ್ಲಿ ಅತ್ತ ಇತ್ತ ನಡೆದೆ. ನನ್ನ ಮರ್ಯಾದೆ ಹೋದದ್ದಕ್ಕೆ ಅಷ್ಟೇನೂ ಬೇಜಾರಾಗಲಿಲ್ಲ, ಅದು ಆಶ್ಚರ್ಯ. ಮಗಳು ಏನಂದುಕೊಂಡಳೋ ಎಂಬುದೇ ಹೆದರಿಕೆ. ಬಾಯಲ್ಲಿ ದೇವರ ಇಚ್ಛೆ, ಹೊಟ್ಟೆಯಲ್ಲಿ ಇಷ್ಟು ವಿಷ! ಇನ್ನು ನನ್ನ ಮುಖ ನೋಡುತ್ತಾಳೆಯೇ?

ಮನೆಗೆ ಬಂದರೆ ಅವಳು ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹೊತ್ತು ಮುಳುಗುವುದರಲ್ಲಿತ್ತು. ಹತ್ತಿರ ಹೋಗಿ ನಿಂತೆ. ಅವಳು ಕೇಳದವಳಂತೆ ಇರಬೇಕು, ಅದು ಪದ್ಧತಿ. ನಾನು ಹೇಳಬೇಕು, ಅದು ಪ್ರಾಯಶ್ಚಿತ್ತ. ಮೆಲ್ಲಗೆ ಹೇಳಬೇಕಂತೆ. ನನ್ನ ಮೆಲ್ಲಗೆ ಎಷ್ಟು ಮೆಲ್ಲಗೆಂದು ನನಗೆ ಹೇಗೆ ಗೊತ್ತಾಗಬೇಕು?

“ನೀನು ಹೋಗೋದು ನಂಗಿಷ್ಟ ಇಲ್ಲ ಕಣಮ್ಮ” ಅಂದೆ. ಪಕ್ಕದ ಮಹಡಿಯಲ್ಲಿದ್ದ ಹೆಂಗಸು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮಗಳು ಬಟ್ಟೆಯನ್ನು ಹಗ್ಗದ ಮೇಲೆಯೇ ಬಿಟ್ಟು ನನ್ನ ಎದುರಿಗೆ ಬಂದಳು. “ಇನ್ನೊಂದ್ಸಲ ಹೇಳಿ ಅಪ್ಪ” ಎಂದಳು.

“ಕೇಳಿಸ್ಲಿಲ್ವಾ?”

“ಕೇಳಿಸ್ತು. ಚರ್ಚಲ್ಲೂ ಕೇಳಿಸ್ತು. ಇನ್ನೊಂದ್ಸಲ ಹೇಳಿ.”

ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಳು, ಆದರೆ ನಾನೆಣಿಸಿದ ತಪ್ಪಿಗಲ್ಲ. “ಅವತ್ತು ನಾನು ಹೇಳಿದಾಗ ಒಳ್ಳೇದು ಅಂದ್ಬಿಟ್ಟು ಸಾರು ಕೇಳಿದ್ರಲ್ಲ ಅಪ್ಪ! ಸಾರು! ನಾನು ಹೋದ್ರೆ ಇವರಿಗೇನೂ ಆಗಲ್ಲ ಅಂತ ಅವತ್ತೇ ಅನ್ನಿಸ್ಬಿಡ್ತು. ಆಮೇಲೆ ಬಂದವರ ಹತ್ರ ಎಲ್ಲ ನಗ್ತಾ ನಗ್ತಾ ಮಾತಾಡಿದ್ರಿ. ಒಂದ್ಸಲಾನಾದ್ರೂ ಬೇಡ ಕಣಮ್ಮ ಅಂತೀರೇನೋ ಅಂತ ಕಾಯ್ತಾ ಇದ್ದೆ. ನೀವು ಉಪವಾಸ ಮಾಡ್ತಾ ಕೂತ್ರಿ.”

ಇಂಗು ತಿಂದ ಮಂಗನ ಹಾಗೆ ನಿಂತೆ.

“ಈ ಸಿಟ್ಟಲ್ಲಿ ಹೋದ್ರೆ ದೇವರಿಗೋಸ್ಕರ ಹೋದ್ನೋ, ನಿಮ್ಮ ಮೇಲಿನ ಕೋಪಕ್ಕೆ ಹೋದ್ನೋ, ನಂಗೇ ಗೊತ್ತಾಗ್ತಿರಲಿಲ್ಲ. ಅದಕ್ಕೆ ಸೋಮವಾರ ಫೋನ್ ಮಾಡಿ, ಸದ್ಯಕ್ಕೆ ಬರಲ್ಲ ಸಿಸ್ಟರ್ ಅಂತ ಹೇಳ್ಬಿಡೋಣ ಅಂತಿದ್ದೆ” ಎಂದಳು.

ಅಂದರೆ ಮೇಲಿನವನು ಒಪ್ಪಿದ್ದ! ಚಪ್ಪಲಿಗೋ ಟೀಗೋ, ಯಾವುದಕ್ಕೋ ಒಂದಕ್ಕೆ ಒಪ್ಪಿದ್ದ! “ಹಾಗಾದ್ರೆ ಹೋಗಲ್ವಾ?” ಎಂದು ಕೂಗಿದೆ.

ಅವಳು ಕಣ್ಣೊರೆಸಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. ನನ್ನ ಎರಡೂ ಕೈ ಹಿಡಿದುಕೊಂಡು, ತುಟಿ ಸರಿಯಾಗಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. “ಈಗ ಹೋಗ್ತೀನಿ ಅಪ್ಪ. ಸಿಟ್ಟು ಹೋಯ್ತು, ಈಗ ಹೋಗೋಕೆ ಮನಸ್ಸು ಬಂತು. ಬೇಡ ಅನ್ನೋರು ಒಬ್ಬರಿದ್ದಾರೆ ಅಂತ ಗೊತ್ತಾಯ್ತಲ್ಲ.”

ಇದ್ಯಾವ ನ್ಯಾಯ ಹೇಳಿ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಜನ ಗೋಳಾಡುತ್ತಾರೆ. ನನ್ನದು ಬಾಯಿಗೆ ಬಂದಿದ್ದನ್ನು ಬಾಯಿಂದಲೇ ಕಳೆದುಕೊಂಡ ಕಥೆ. ಒಂದೆರಡು ದಿನ ಬಾಯಿ ಮುಚ್ಚಿಕೊಂಡಿದ್ದಿದ್ದರೆ ಮಗಳು ಮನೆಯಲ್ಲಿರುತ್ತಿದ್ದಳು. ಕೋಪದಲ್ಲಿ ನನ್ನನ್ನೂ ಬೈದುಕೊಂಡೆ, ಫಾದರನ್ನೂ, ಮಣಿ ಎಣಿಸಿ ಉಳಿಸಿದ ದೊಡ್ಡಮ್ಮನನ್ನೂ ಬೈದೆ. ಮೇಲಿನವನನ್ನಂತೂ ಕೇಳಬೇಡಿ. ಹೆಂಡತಿ ಮಹಡಿ ಹತ್ತಿ ಬಂದಳು. ನಾನು ಎಲ್ಲ ವಿವರಿಸಲು ಹೊರಟರೆ, “ಎಲ್ಲಾ ಕೇಳಿಸ್ತು. ಕೆಳಗಿನ ಮನೆಯವರಿಗೂ ಕೇಳಿಸ್ತು. ಬನ್ನಿ, ಟೀ ಮಾಡಿದ್ದೀನಿ” ಎಂದಳು.

“ತಪಸ್ಸುಕಾಲ ಇನ್ನೂ ಮುಗಿದಿಲ್ಲ.”

“ನಿಮ್ಮ ಚೌಕಾಸಿ ಮುಗೀತಲ್ಲ. ಕುಡೀರಿ.”

ಕುಡಿದೆ. ಮೂವರೂ ಅಡುಗೆಮನೆಯಲ್ಲೇ ನಿಂತು ಕುಡಿದೆವು. ಮಗಳು ನನ್ನ ಲೋಟಕ್ಕೆ ಇನ್ನಷ್ಟು ಸಕ್ಕರೆ ಹಾಕಿದಳು. ಅಷ್ಟು ರುಚಿಯಾದ ಟೀ ನಾನು ಕುಡಿದೇ ಇಲ್ಲ. ಅಷ್ಟು ಸಂಕಟದ್ದೂ ಕುಡಿದಿಲ್ಲ.

ಪವಿತ್ರ ವಾರವಿಡೀ ಅವಳು ನನ್ನ ಪಕ್ಕದಲ್ಲೇ ಕೂತಳು. ಶುಭ ಶುಕ್ರವಾರ ಶಿಲುಬೆಗೆ ಮುತ್ತಿಡುವಾಗ ಆತನ ಹತ್ತಿರ ಏನನ್ನೂ ಕೇಳಲಿಲ್ಲ. ಸುಳ್ಳು ಯಾಕೆ, ಕೇಳಿದೆ. ‘ಇನ್ನೂ ಸಮಯ ಇದೆ, ಯೋಚನೆ ಮಾಡು’ ಅಂದೆ. ಆದರೆ ಅದರಲ್ಲಿ ಮುಂಚಿನ ಹಟ ಇರಲಿಲ್ಲ. ಜನ ನನ್ನನ್ನು ನೋಡುವ ರೀತಿಯೂ ಬದಲಾಗಿತ್ತು. ಮೊದಲು ಕೈ ಮುಗಿಯುತ್ತಿದ್ದವರು ಈಗ ಅವತ್ತು ಚರ್ಚಿನಲ್ಲಿ ಹಂಚುವ ಗಂಜಿಯ ಸಾಲಿನಲ್ಲಿ ನನ್ನನ್ನು ಮುಂದೆ ಬಿಟ್ಟರು. ಅಂಗಡಿಯವರ ಹೆಂಡತಿಯ ಹತ್ತಿರ ಹೋಗಿ ಕ್ಷಮಿಸಮ್ಮ ಅಂದೆ. “ಏನಕ್ಕೆ ಅಣ್ಣ? ನಂಗೇನೂ ಕೇಳಿಸ್ಲೇ ಇಲ್ಲ” ಎಂದು ಮುಖ ತಿರುಗಿಸಿದರು. ಹಬ್ಬದ ದಿನ ಮಾತ್ರ ಒಂದು ಡಬ್ಬಿ ಕೇಕು ಕಳಿಸಿಕೊಟ್ಟರು.

ಹಬ್ಬ ಮುಗಿದ ವಾರ ಮೂವರೂ ಹೊರಟೆವು. ಆ ಸಿಸ್ಟರುಗಳ ದೊಡ್ಡ ಮನೆ ಎಲೆಕ್ಟ್ರಾನಿಕ್ ಸಿಟಿಯ ಆಚೆ, ಹೊಸೂರು ರಸ್ತೆಯಿಂದ ಒಳಗೆ. ಊರಿನ ಈ ತುದಿಯಿಂದ ಆ ತುದಿಗೆ, ಟ್ರಾಫಿಕ್ಕಿನಲ್ಲಿ. ಜೀವನದಲ್ಲಿ ಮೊದಲ ಸಲ ಟ್ರಾಫಿಕ್ ಜಾಮ್ ಇನ್ನಷ್ಟು ಇರಲಿ ಅಂತ ಬೇಡಿಕೊಂಡೆ. ಅವಳ ಬ್ಯಾಗು ನನ್ನ ತೊಡೆಯ ಮೇಲಿತ್ತು. ಎರಡು ಜೊತೆ ಬಿಳಿ ಬಟ್ಟೆ, ಟವೆಲ್ಲು, ಬೈಬಲ್ಲು, ಇನ್ನೇನೂ ಇಲ್ಲ. ಅಷ್ಟು ಹಗುರವಾದ ಬ್ಯಾಗು ತೆಗೆದುಕೊಂಡು ಮನೆ ಬಿಟ್ಟು ಹೋಗಬಹುದು ಎಂದು ನನಗೆ ಗೊತ್ತೇ ಇರಲಿಲ್ಲ.

ಅಲ್ಲಿ ವಯಸ್ಸಾದ ಒಬ್ಬ ಸಿಸ್ಟರ್ ವರಾಂಡಕ್ಕೆ ಬಂದರು. ಅಲ್ಲಿಯ ಮುಖ್ಯಸ್ಥೆ. ಮಗಳನ್ನು ಸೇರಿಸಿಕೊಳ್ಳುವ ಮುಂಚೆ ಹೆತ್ತವರನ್ನು ಒಂದು ಮಾತು ಕೇಳುವುದು ಅವರಲ್ಲಿ ಕ್ರಮವಂತೆ. ನನ್ನ ಕಿವಿಯ ವಿಷಯ ಮಗಳು ಮೊದಲೇ ಹೇಳಿದ್ದಳೋ ಏನೋ, ಹತ್ತಿರ ಬಂದು ನಿಧಾನವಾಗಿ ಕೇಳಿದರು. “ನೀವು ಮನಸಾರೆ ಒಪ್ಪಿ ಮಗಳನ್ನ ಕಳಿಸ್ತಿದ್ದೀರಾ?”

ಹೆಂಡತಿ ಹೂಂ ಅಂದಳು. ಅವರು ನನ್ನ ಕಡೆ ನೋಡಿದರು. ದೈವಕರೆಯ ಭಾನುವಾರದ ಧ್ವನಿಗಾಗಿ ಗಂಟಲಲ್ಲಿ ಹುಡುಕಿದೆ, ಸಿಗಲಿಲ್ಲ.

“ಇಲ್ಲ ಸಿಸ್ಟರ್” ಅಂದೆ. ವರಾಂಡದ ಆ ತುದಿಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವರು ತಿರುಗಿ ನೋಡಿದರು. ಹೆಂಡತಿ ನನ್ನ ತೋಳು ಚಿವುಟಿದಳು. “ಮನಸಾರೆ ಇಲ್ಲ. ನಂಗಿಷ್ಟ ಇಲ್ಲ. ಆದ್ರೂ ನಾನೇ ಕರ್ಕೊಂಡು ಬಂದಿದ್ದೀನಿ.”

ಸಿಸ್ಟರ್ ಬೇಸರಪಡಲಿಲ್ಲ. “ನಮ್ಮಪ್ಪ ನನ್ನನ್ನ ಬಿಟ್ಟು ಹೋಗೋವಾಗ, ಬಹಳ ಸಂತೋಷ ಅಂತ ಹೇಳಿ ಬಸ್ಸು ಹತ್ತಿದ್ರು. ಆಮೇಲೆ ತೀರಿಕೊಂಡ್ರು. ನಿಜವಾಗ್ಲೂ ಸಂತೋಷ ಆಗಿತ್ತಾ ಅಂತ ನಾನು ಇವತ್ತಿಗೂ ಯೋಚನೆ ಮಾಡ್ತೀನಿ” ಎಂದರು.

ಬ್ಯಾಗು ಇನ್ನೂ ನನ್ನ ಕೈಯಲ್ಲೇ ಇತ್ತು. ಮಗಳು ಬಂದು ಅದರ ಇನ್ನೊಂದು ಹಿಡಿಯನ್ನು ಹಿಡಿದುಕೊಂಡಳು. ನಾನು ಬಿಡುವ ತನಕ ಎಳೆಯದೆ ಸುಮ್ಮನೆ ನಿಂತಿದ್ದಳು.